ಅರ್ಧ ಓದಿದ ವಚನ

ಹೋದ ತಿಂಗಳು ಹಾವೇರಿಯಿಂದ ರಾಣೆಬೆನ್ನೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ಬ್ಯಾಡಗಿ ಸ್ಟೇಷನ್ನಿನಲ್ಲಿ ಗಾಡಿ ನಿಂತದ್ದೇ ತಡ, ಡಬ್ಬಿಯಲ್ಲಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಸೀನಲು ಸುರು ಮಾಡಿದರು. ಮೆಣಸಿನಕಾಯಿ ಸುಗ್ಗಿ. ಎದುರಿಗೆ ಕುಳಿತಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದು, "ಬ್ಯಾಡಗಿ ಬಂತ್ ನೋಡ್ರಿ, ಬೋರ್ಡ್ ಓದೂದ ಬ್ಯಾಡ" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಘಾಟು ಮೂಗಿಗೆ ಹೊಡೆದರೆ ನನಗೆ ಇಂದಿಗೂ ಮೊದಲು ಬರುವುದು ಸೀನಲ್ಲ, ಸಿಟ್ಟು.

ಇಪ್ಪತ್ತು ವರ್ಷದ ಮೇಲಾಯಿತು. ಎರಡು ಸಾವಿರದ ನಾಲ್ಕು ಮುಗಿದು ಐದು ಹಿಡಿದಿತ್ತು. ನಾನಾಗ ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪ ಹಳ್ಳಿಹಳ್ಳಿ ತಿರುಗಿ ವೇದ, ಅಂದರೆ ನಮ್ಮ ಬೈಬಲ್, ಓದಿ ಹೇಳುವ ಚರ್ಚಿನ ಉಪದೇಶಿಯಾಗಿದ್ದು ನಿವೃತ್ತನಾಗಿದ್ದ. ನಾನು ಎಂಟು ವರ್ಷದವಳಿದ್ದಾಗ ಅವ್ವ ಹೋದಳು. ಆಮೇಲೆ ನನಗೆ ಜಡೆ ಹಾಕಿದ್ದು, ಹೇನು ಹೆಕ್ಕಿದ್ದು, ಬೆನ್ನಿಗೆರಡು ಗುದ್ದಿ ಶಾಲೆಗೆ ಅಟ್ಟಿದ್ದು ಅವ್ವನ ತಂಗಿ ಶಾಂತವ್ವ, ನನ್ನ ಸಣ್ಣವ್ವ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬ್ಯಾಡಗಿಯಲ್ಲಿ ಒಂದು ಖೋಲಿ ಹಿಡಿದುಕೊಂಡು ಮೆಣಸಿನಕಾಯಿ ಅಂಗಳದಲ್ಲಿ ಕೆಲಸ ಮಾಡುತ್ತಿದ್ದಳು. ಕೆಂಪು ಗುಡ್ಡದಂಥ ರಾಶಿಯ ಬುಡದಲ್ಲಿ ಹತ್ತಿಪ್ಪತ್ತು ಹೆಂಗಸರ ಜೊತೆ ಕುಳಿತು ತೊಟ್ಟು ಬಿಡಿಸುವುದು, ಬಿಳಿಚಿದ ಕಾಯಿಯನ್ನು ಬೇರೆ ಗುಂಪಿಗೆ ಎಸೆಯುವುದು. ಮಾತಾಡುತ್ತಲೇ, ಕೈಯತ್ತ ನೋಡದೆಯೇ ಆರಿಸುತ್ತಿದ್ದಳು. ಬೆರಳಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದಳು.

ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ಜಡ್ಡು ಅನ್ನುವುದಿಲ್ಲ. ಸುಗ್ಗಿಯಲ್ಲಿ ಕೆಮ್ಮದವರೇ ಅಲ್ಲಿ ವಿಚಿತ್ರ. ಹಾಗಾಗಿ ಸಣ್ಣವ್ವನ ಕೆಮ್ಮು ಯಾರ ಕಿವಿಗೂ ಬೀಳಲಿಲ್ಲ. ಸುಗ್ಗಿ ಇಲ್ಲದ ದಸರೆಯ ರಜೆಯಲ್ಲಿ ನಮ್ಮ ಮನೆಗೆ ಬಂದಾಗಲೂ ಅವಳು ಕೆಮ್ಮುತ್ತಿದ್ದಳು, ಕುಪ್ಪಸದ ತೋಳು ಜೋಲು ಬಿದ್ದಿತ್ತು. ನಾನೇ ಜಗ್ಗಿಕೊಂಡು ಸರಕಾರಿ ದವಾಖಾನೆಗೆ ಒಯ್ದೆ. ಕಫ ಪರೀಕ್ಷೆ ಮಾಡಿದರು. ಟಿಬಿ. ಆರು ತಿಂಗಳು ತಪ್ಪದೆ ಗುಳಿಗೆ. ವಾರಕ್ಕೆ ಮೂರು ದಿನ ದವಾಖಾನೆಗೇ ಹೋಗಿ ಸಿಸ್ಟರ್ ಕಣ್ಣೆದುರು ನುಂಗಬೇಕು, ನುಂಗಿದ ದಿನ ಕಾರ್ಡಿನ ಮೇಲೆ ಒಂದು ಗುರುತು. ಆ ಸಿಸ್ಟರ್ ಒಂದೇ ಮಾತನ್ನು ಮೂರು ಸಲ ಹೇಳಿದ್ದರು, "ಆರಾಮ ಆತು ಅಂತ ನಡಕ್ ಬಿಟ್ಟೀರಿ ಅಂದ್ರ ಮೊದಲಿನಕಿಂತ ಜೋರಾಗಿ ಹೊಳ್ಳಿ ಬರ್ತದ ನೋಡ್ರಿ. ಆಗ ಈ ಗುಳಗಿ ಕೇಳೂದಿಲ್ಲ."

ಸಣ್ಣವ್ವ ತಪ್ಪಿಸಲಿಲ್ಲ. ಕ್ರಿಸ್ಮಸ್ಸಿಗೆ ಬಂದಾಗ ಕೆನ್ನೆ ತುಂಬಿಕೊಂಡಿತ್ತು, ಎರಡು ರೊಟ್ಟಿ ಜಾಸ್ತಿ ಉಂಡಳು. ಇನ್ನು ಮೂರು ತಿಂಗಳು ಕಳೆದರೆ ಗೆದ್ದಂತೆ ಅಂತ ನಾನು ಅಂದುಕೊಂಡೆ.

ಜನವರಿಯಲ್ಲಿ ರಾಣೆಬೆನ್ನೂರಿನ ಗೋಡೆಗಳ ಮೇಲೆ ದೊಡ್ಡ ದೊಡ್ಡ ಪೋಸ್ಟರುಗಳು ಬಂದವು. ಮೂರು ದಿನದ ಉಜ್ಜೀವನ ಕೂಟ, ಬಿಡುಗಡೆ ಮತ್ತು ಸ್ವಸ್ಥತೆ. ಟೀವಿಯಲ್ಲಿ ಬರುವ ಬೋಧಕರು, ಬಿಳಿ ಸೂಟು, ನಗುಮುಖ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅಂಥವರು ಒಬ್ಬರಿಬ್ಬರಲ್ಲ, ಒಬ್ಬರ ಹೆಸರು ಬರೆದರೆ ಉಳಿದವರು ಪಾರಾದ ಹಾಗಾಗುತ್ತದೆ. ಅವರು ಇಂಗ್ಲಿಷಿನಲ್ಲಿ ಮಾತಾಡುವವರು. ಕನ್ನಡ ಮಾಡಬೇಕಿದ್ದ ಹುಬ್ಬಳ್ಳಿಯವರಿಗೆ ಗಂಟಲು ಕಟ್ಟಿತು. ನಮ್ಮ ಸಭಾಪಾಲಕರು, ನಾವೆಲ್ಲ ಅಯ್ಯನವರು ಅನ್ನುತ್ತಿದ್ದವರು, ಕೂಟದ ಹಿಂದಿನ ದಿನ ನಮ್ಮ ಮನೆಗೆ ಓಡಿ ಬಂದರು.

"ಟೀಚರ್, ನೀವ ಉಳಿಸಬೇಕ್ರಿ. ನಿಮ್ಮಂಗ ಎರಡೂ ಭಾಷಾ ಬಲ್ಲವರು ನಮ್ಮೊಳಗ ಯಾರದಾರ?"

ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ಬಲೂನಿನ ಹಾಗೆ ಉಬ್ಬಿದೆ. ಅಪ್ಪ ಮಾತ್ರ ಮೂಲೆಯಲ್ಲಿ ಕುಳಿತು ಪೆನ್ಸಿಲ್ ಕೆತ್ತುತ್ತಿದ್ದ. ಯಾರ ಬೋಧನೆ ಕೇಳಲು ಹೋದರೂ ಅವನ ಕಿಸೆಯಲ್ಲಿ ಒಂದು ಪೆನ್ಸಿಲ್ ಇರುತ್ತಿತ್ತು. ಅಲ್ಲಿ ಓದಿದ ವೇದವಚನದ ಸಂಖ್ಯೆ ಗುರುತು ಹಾಕಿಕೊಂಡು ಬಂದು, ಮನೆಯಲ್ಲಿ ಅದರ ಹಿಂದಿನ ಒಂದು ಪುಟ, ಮುಂದಿನ ಒಂದು ಪುಟ ಓದಿದ ಮೇಲೆಯೇ ಉಣ್ಣಲು ಕೂರುತ್ತಿದ್ದ. ಅಯ್ಯನವರು ಹೋದ ಮೇಲೆ ಕೇಳಿದ, "ಅವರ ಏನ್ ಹೇಳಿದ್ರೂ ನೀ ಹೇಳಾಕಿ?"

"ಕನ್ನಡ ಮಾಡೂದಂದ್ರ ಅದ ಅಲ್ಲೇನಪ್ಪ?"

"ಹಂಗಲ್ಲ. ತಪ್ಪ್ ಹೇಳಿದ್ರ?"

"ಅಷ್ಟ ದೊಡ್ಡವರು ತಪ್ಪ್ ಹೇಳತಾರೇನು?"

ಅಪ್ಪ ಮತ್ತೆ ಪೆನ್ಸಿಲ್ ಕೆತ್ತತೊಡಗಿದ. ನನ್ನ ಆ ಉತ್ತರ ನೆನೆಸಿಕೊಂಡರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ವೇದಿಕೆಯ ಮೇಲೆ ಭಾಷಾಂತರ ಮಾಡುವುದಕ್ಕೆ ಅದರದೇ ರೀತಿ ಇದೆ. ಅವರು ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ನಾನು ಹೇಳಬೇಕು. ಅವರು "ನಾನು" ಅಂದರೆ ನಾನೂ "ನಾನು" ಅನ್ನಬೇಕು. "ಇವರು ಹೀಗೆ ಹೇಳುತ್ತಿದ್ದಾರೆ" ಅನ್ನುವ ಹಾಗಿಲ್ಲ. ಅವರು ದನಿ ಏರಿಸಿದರೆ ಏರಿಸಬೇಕು, ಕೈ ಎತ್ತಿದರೆ ಎತ್ತಬೇಕು. ಅವರು ವೇದದ ಅಧ್ಯಾಯ ಹೇಳಿದಾಗ ಕನ್ನಡ ವೇದವನ್ನು ತೆರೆದು ಗಟ್ಟಿಯಾಗಿ ಓದುವುದೂ ನನ್ನದೇ ಕೆಲಸ. ಮೊದಲ ದಿನ ತಡವರಿಸಿದೆ. ಎರಡನೆಯ ದಿನದ ಹೊತ್ತಿಗೆ ನನ್ನ ದನಿ ಅವರ ಹಿಂದೆ ಬಂಡಿಯ ಗಾಲಿಯಂತೆ ಉರುಳತೊಡಗಿತು. ಕುಮಾರಪಟ್ಟಣದ ಫ್ಯಾಕ್ಟರಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಹೆಂಗಸರು ನನ್ನ ಕೈ ಹಿಡಿದು, "ಭಾಳ ಚಲೋ ಹೇಳಿದ್ರಿ ಅಕ್ಕಾರ" ಅಂದರು. ಹೇಳಿದ್ದು ನಾನಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಆ ಸಂಜೆಯ ವಚನಗಳನ್ನು ಕೇಳಿಕೊಂಡು ಬರಲು ಬೋಧಕರು ಇಳಿದುಕೊಂಡಿದ್ದ ಮನೆಗೆ ಹೋದೆ. ಅವರು ನಾಷ್ಟಾಕ್ಕೆ ಕುಳಿತಿದ್ದರು. ಕಿಸೆಯಿಂದ ಒಂದು ಡಬ್ಬಿ ತೆಗೆದರು. ವಾರದ ಏಳು ದಿನಕ್ಕೆ ಏಳು ಖಾನೆ. ಎರಡು ಗುಳಿಗೆ ಅಂಗೈಗೆ ಹಾಕಿಕೊಂಡು ನೀರಿಗಾಗಿ ಸುತ್ತ ನೋಡಿದರು. ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟವಳು ನಾನು. ಥ್ಯಾಂಕ್ಯೂ ಸಿಸ್ಟರ್ ಅಂದರು. ಮರ್ಯಾದಸ್ಥರು.

ಅವತ್ತು ಸಂಜೆ ನಾಲ್ಕು ಗಂಟೆಯ ಬಿಸಿಲಿನಲ್ಲಿ ಮೈದಾನ ತುಂಬಿತ್ತು. ಸಣ್ಣವ್ವ ಬ್ಯಾಡಗಿಯಿಂದ ಬಂದು ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದಳು, ಅಕ್ಕನ ಮಗಳು ವೇದಿಕೆಯ ಮೇಲಿದ್ದಾಳೆಂಬ ಹಿಗ್ಗಿನಲ್ಲಿ ಪಕ್ಕದವರಿಗೆಲ್ಲ ನನ್ನನ್ನು ತೋರಿಸುತ್ತ. ಬೋಧಕರು ಹಳೆಯ ಒಡಂಬಡಿಕೆಯ ಒಬ್ಬ ರಾಜನ ಕಥೆ ತೆಗೆದರು. ಆ ರಾಜನ ಕಾಲಿಗೆ ರೋಗ ಬಂತು, ಅವನು ವೈದ್ಯರ ಕಡೆ ಹೋದ, ಸತ್ತ. ನನಗೆ ಪುಟ ತೆಗೆಯಲು ಹೇಳಿದರು. ತೆಗೆದೆ. ಬೆರಳು ಸಾಲಿನ ಮೇಲಿಟ್ಟೆ. ಅಲ್ಲಿ ಇನ್ನೊಂದು ಮಾತಿತ್ತು. ಆ ರಾಜ ಅಂಥ ರೋಗದಲ್ಲೂ ದೇವರನ್ನು ಹುಡುಕಲೇ ಇಲ್ಲ ಅಂತ. ಅವನ ತಪ್ಪು ಇದ್ದದ್ದು ಆ ಮಾತಿನಲ್ಲಿ. ಬೋಧಕರು ಅದನ್ನು ಹಾರಿದ್ದರು. ನನ್ನ ಬೆರಳು ಬರೋಬ್ಬರಿ ಅದರ ಮೇಲಿತ್ತು.

ನಾನೂ ಹಾರಿದೆ.

ಯಾಕೆ ಅಂದರೆ, ಅವರು ಮುಂದಿನ ಮಾತಿಗೆ ಆಗಲೇ ಬಾಯಿ ತೆರೆದಿದ್ದರು, ತಾಳ ತಪ್ಪಬಾರದು ಅನಿಸಿತು. ಅಷ್ಟೇ ಕಾರಣ. ಇಪ್ಪತ್ತು ವರ್ಷ ಹುಡುಕಿದ್ದೇನೆ, ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ಆಮೇಲೆ ಬೋಧಕರು, ಅವರ ಹಿಂದೆ ನಾನು, ಕೂಗಿದೆವು. ಗುಳಿಗೆ ನುಂಗುವ ಕೈ ದೇವರನ್ನು ನಂಬದ ಕೈ. ನಿಮ್ಮ ಗುಳಿಗೆ, ಔಷಧಿ ಚೀಟಿ ಎಲ್ಲ ತಂದು ಇಲ್ಲಿ ಹಾಕಿರಿ. ನಾನು ನಿಮಗೆ ಹೇಳುತ್ತೇನೆ, ನೀವು ಗುಣವಾಗಿದ್ದೀರಿ. ಬೆಳಿಗ್ಗೆ ನಾನೇ ಬಗ್ಗಿಸಿ ಕೊಟ್ಟ ನೀರು ಆಗ ನೆನಪಾಗಲಿಲ್ಲವೇ ಅಂತ ಯಾರಾದರೂ ಕೇಳಬಹುದು. ನೆನಪಾಯಿತು. ಆದರೂ ಬಾಯಿ ನಡೆದೇ ಇತ್ತು.

ಜನ ಎದ್ದು ಬಂದರು. ಸಣ್ಣವ್ವನೂ ಬಂದಳು. ಅವಳ ಹತ್ತಿರ ಗುಳಿಗೆ ಇರಲಿಲ್ಲ, ದವಾಖಾನೆಯ ಕಾರ್ಡಿತ್ತು. ಕುಪ್ಪಸದೊಳಗಿನಿಂದ ಅದನ್ನು ತೆಗೆದು ವೇದಿಕೆಯ ಅಂಚಿಗಿಟ್ಟು ನನ್ನ ಮುಖ ನೋಡಿ ನಕ್ಕಳು. ಬೋಧಕರು ಅವಳನ್ನು ಮೇಲಕ್ಕೆ ಕರೆದು ಏನಾಗಿತ್ತು ಕೇಳಿದರು. ಸಣ್ಣವ್ವ ಮೈಕಿನಲ್ಲಿ, "ಎದಿ ಜಡ್ಡಿತ್ರಿ, ಕೆಮ್ಮತಿದ್ದೆ, ಈಗ ಇಲ್ರಿ" ಅಂದಳು. ಮೂರು ತಿಂಗಳು ಗುಳಿಗೆ ನುಂಗಿದರೆ ಕೆಮ್ಮು ಹೋಗದೆ ಇರುತ್ತದೆಯೇ? ಆ ಸಾಕ್ಷಿಯನ್ನು ಇಂಗ್ಲಿಷಿಗೆ ತಿರುಗಿಸಿದ್ದೂ ನಾನೇ. ಅವರು ಅವಳ ಕೈ ಹಿಡಿದು ಮೇಲೆತ್ತಿದರು, ಜನ ಚಪ್ಪಾಳೆ ಹೊಡೆದರು.

ಮನೆಗೆ ಬಂದರೆ ಅಪ್ಪ ತಟ್ಟೆಯ ಮುಂದೆ ಕೂತಿರಲಿಲ್ಲ. ಪುಸ್ತಕದ ಮುಂದೆ ಕೂತಿದ್ದ. "ಅರ್ಧಾ ಓದೀದಿ" ಅಂದ. ಬೈಯಲಿಲ್ಲ, ಬೈದಿದ್ದರೆ ಬರೋಬ್ಬರಿ ಇರುತ್ತಿತ್ತು. "ಆ ರಾಜಾ ಅದಕಿಂತ ಮೊದಲ ಖರೇ ಹೇಳಿದ ಪ್ರವಾದಿನ್ನ ಜೇಲಿಗೆ ಹಾಕಿದ್ದ. ದೇವರಿಗೆ ಬೆನ್ನ ತಿರುವಿದಾಂವ ಅಂವ. ಡಾಕ್ಟರ್ ಹಂತೇಕ ಹೋಗಿದ್ದಕ್ಕ ಸತ್ತಿಲ್ಲ. ಇನ್ನೊಬ್ಬ ರಾಜಗ ಹುಣ್ಣಾದಾಗ ಪ್ರವಾದಿನ ಅಂಜೂರಿ ಹಣ್ಣ ತರಿಸಿ ಹುಣ್ಣಿಗೆ ಕಟ್ಟಿಸ್ಯಾನ. ಅದನ್ಯಾಕ ಹೇಳ್ಲಿಲ್ಲ ನಿಮ್ಮ ದೊಡ್ಡವರು?"

ಮರುದಿನವೇ ಬ್ಯಾಡಗಿಗೆ ಹೋದೆ. ಸಣ್ಣವ್ವ ಅಂಗಳದಲ್ಲಿ ರಾಶಿಯ ಬುಡದಲ್ಲಿದ್ದಳು, ಪಕ್ಕದಲ್ಲಿ ಅವಳ ಜೊತೆಗಾರ್ತಿ ಗಂಗವ್ವ, ಕದರಮಂಡಲಗಿಯವಳು.

"ಸಣ್ಣವ್ವ, ಇವತ್ತ ದವಾಖಾನಿಗೆ ಹೋಗೂ ದಿನ. ಏಳು."

"ಇನ್ನ್ಯಾಕ? ದೇವರು ನನ್ನ ಮುಟ್ಟ್ಯಾನ."

"ಗುಳಗಿ ಬಿಡು ಅಂದಿದ್ದು ತಪ್ಪೈತಿ. ಅದು ಅವರ ಮಾತು, ನಾ ಬರೇ ಕನ್ನಡ ಮಾಡಿದೆ."

ಅವಳ ಕೈ ನಿಲ್ಲಲಿಲ್ಲ. "ಅವರ ಏನಂದ್ರೋ ನನಗೇನ್ ತಿಳೀತು? ಒಂದ್ ಅಕ್ಷರ ತಿಳೀಲಿಲ್ಲ. ನಾ ಕೇಳಿದ್ದು ನಿನ್ನ ಮಾತು. ವೇದ ಓದಿದ್ದೂ ನೀನ. ನನಗ ಕಾಯಿ ಆರಿಸಾಕ ಬರ್ತೈತಿ, ಇಂಥಾದ್ದನ್ನ ಆರಿಸಾಕಿ ನೀನು, ಓದಿದಾಕಿ. ನಿನ್ನ ಬಾಯಾಗ ಸುಳ್ಳ್ ಬರ್ತೈತೇನು?"

ನಾನು ಏನು ಹೇಳಬೇಕಿತ್ತು? ಬರುತ್ತದೆ, ಬಂತು ಅನ್ನಬೇಕಿತ್ತು. ಅದರ ಬದಲಿಗೆ ಸಿಟ್ಟಿಗೆದ್ದು ಕೂಗಾಡಿದೆ, ಅವಳ ರಟ್ಟೆ ಹಿಡಿದು ಎಳೆದೆ. ಗಂಗವ್ವ ನಡುವೆ ಬಂದಳು. "ಶಾಂತವ್ವ, ನಾವು ಹಣಮಪ್ಪಗ ಕಾಯಿ ಒಡಸ್ತೇವಿ, ಗುಳಗೀನೂ ನುಂಗತೇವಿ. ಹಣಮಪ್ಪ ಎಂದೂ ಸಿಟ್ಟಾಗಿಲ್ಲ ಬಿಡು. ನಿಮ್ಮ ದೇವರಿಗೆ ಅಷ್ಟ್ಯಾಕ ಸಿಟ್ಟು?" ಅಂದಳು. ಅಂಥ ಸರಳವಾದ ಮಾತು ನಮ್ಮ ಸಭೆಯ ಒಬ್ಬರ ಬಾಯಿಂದಲೂ ಬರಲಿಲ್ಲ. ಸಣ್ಣವ್ವ ನಕ್ಕಳು. ಏಳಲಿಲ್ಲ.

ಆ ಭಾನುವಾರದೊಳಗೆ ಅಪ್ಪನೂ ಹೋಗಿ ಬಂದ, ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. ಓದು ಬಾರದವಳಿಗೆ ಬೆರಳಿಟ್ಟು ತೋರಿಸಿದರೆ ಏನಾಗುತ್ತದೆ? "ಮಾವಾರ, ನೀವು ಇಷ್ಟ್ ವರ್ಷ ಓದಿದ್ರಿ. ನಿಮ್ಮಿಂದ ಒಬ್ಬರದರ ಜಡ್ಡ ಹೋಗೇತೇನ್ರಿ?" ಅಂದಳಂತೆ. ಅಪ್ಪ ಆ ದಿನ ಉಣ್ಣಲಿಲ್ಲ.

ನಾನು ಅಯ್ಯನವರ ಮನೆಗೆ ಹೋದೆ. ಸಣ್ಣವ್ವ ಒಬ್ಬಳೇ ಅಲ್ಲ, ಸಕ್ಕರೆ ಕಾಯಿಲೆಯವರು, ಫಿಟ್ಸ್ ಇದ್ದವರು, ಎಷ್ಟೋ ಜನ ಅಂದು ಚೀಟಿ ಹಾಕಿ ಹೋಗಿದ್ದರು. ಸಭೆಯಲ್ಲಿ ಒಂದೇ ಮಾತು ಹೇಳಿರಿ, ಪ್ರಾರ್ಥನೆಯನ್ನೂ ಮಾಡಿರಿ ಗುಳಿಗೆಯನ್ನೂ ನುಂಗಿರಿ ಅಂತ, ಅಂದೆ.

"ಟೀಚರ್, ದೇವರ ಅಭಿಷೇಕ ಹೊಂದಿದ ಬೋಧಕರ ಮ್ಯಾಲ ನಾವು ಬೆರಳ ಮಾಡಬಾರ್ದ್ರಿ. ಸಭೆ ಒಡದ್ ಹೋಗ್ತೈತಿ."

"ಜೀವ ಹೋದ್ರ, ಅಯ್ಯನವರ?"

"ದೇವರ ಚಿತ್ತ."

ಅವರ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಬಿಪಿ ಗುಳಿಗೆಯ ಹಾಳೆ ಕಾಣುತ್ತಿತ್ತು. "ನೀವು ಬಿಟ್ಟೀರೇನ್ರಿ?" ಅಂತ ಕೇಳಿದೆ. ಅವರ ಹೆಂಡತಿ ಚಹಾ ತಂದವರು ಬಾಗಿಲಲ್ಲೇ ನಿಂತರು. ಬೋಧಕರ ಏಳು ಖಾನೆಯ ಡಬ್ಬಿಯ ಸಂಗತಿಯನ್ನೂ ಹೇಳಿದೆ. "ಅದು ಅವರ ಖಾಸಗಿ ವಿಷಯ" ಅಂದರು ಅಯ್ಯನವರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಅಯ್ಯನವರು ಕೆಟ್ಟವರಲ್ಲ. ನನಗೆ ಇವತ್ತಿಗೂ ತಲೆ ಕೆಡುವುದು ಅದಕ್ಕೇ. ಸುಳ್ಳು ಹೇಳಿದವನು ಮೂರು ದಿನ ಇದ್ದು ಕಾರು ಹತ್ತಿದ. ಅದು ಸುಳ್ಳು ಅಂತ ಗೊತ್ತಿದ್ದ ಒಳ್ಳೆಯವರು ಇಲ್ಲೇ ಉಳಿದರು, ಬಾಯಿ ಮುಚ್ಚಿಕೊಂಡು.

ಬೋಧಕರ ಕಚೇರಿಗೆ ಕಾಗದ ಬರೆದೆ, ಎರಡು ಪುಟ. ತಿಂಗಳ ಮೇಲೆ ಅಚ್ಚು ಹಾಕಿದ ಒಂದು ಕಾರ್ಡು ಬಂತು. ನಿಮ್ಮ ಪ್ರಾರ್ಥನಾ ಕೋರಿಕೆ ತಲುಪಿದೆ, ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಾರ್ಚಿನಲ್ಲಿ ಸಣ್ಣವ್ವನ ಕೆಮ್ಮು ಹೊಳ್ಳಿ ಬಂತು. ಘಾಟು ಅಂದಳು. ಏಪ್ರಿಲಿನಲ್ಲೂ ಘಾಟು. ಇಡೀ ಊರೇ ಕೆಮ್ಮುತ್ತಿರುವಾಗ ಒಬ್ಬಳ ಕೆಮ್ಮಿನ ಮೇಲೆ ವಾದ ಮಾಡಿ ಗೆಲ್ಲುವುದು ಹೇಗೆ? ಪ್ರತಿ ಶನಿವಾರ ಶಾಲೆ ಬಿಟ್ಟ ಕೂಡಲೇ ರೈಲು ಹತ್ತುತ್ತಿದ್ದೆ, ಜಗಳ ಮಾಡಿ ತಿರುಗಿ ಬರುತ್ತಿದ್ದೆ. ಮೇ ತಿಂಗಳಲ್ಲಿ ರಾಶಿಗಳು ಕರಗಿದವು, ಅಂಗಳ ಗುಡಿಸಿದರು, ಊರಿನ ಕೆಮ್ಮು ನಿಂತಿತು. ಸಣ್ಣವ್ವನದು ನಿಲ್ಲಲಿಲ್ಲ. ಗಂಗವ್ವ ನನ್ನನ್ನು ಪಕ್ಕಕ್ಕೆ ಕರೆದು, "ಸೆರಗಿನ್ಯಾಗ ರಗತಾ ನೋಡೇನ್ರಿ ಅಕ್ಕಾರ" ಅಂದಳು.

ಮುಂದಿನ ಭಾನುವಾರ ಸಭೆಯಲ್ಲಿ ವೇದಪಾಠ ಓದುವ ಸರದಿ ನನ್ನದು. ಹಿಂದಿನ ದಿನವೇ ಸಣ್ಣವ್ವನನ್ನು ಅತ್ತು ಕರೆದು ರಾಣೆಬೆನ್ನೂರಿಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಅಂದಿನ ಪಾಠವನ್ನು ಬಿಟ್ಟು ಆ ರಾಜನ ಪುಟ ತೆಗೆದೆ. ಪೂರ್ತಿ ಓದಿದೆ, ಹಾರಿದ್ದನ್ನೂ ಸೇರಿಸಿ, ಎರಡು ಸಲ. ಆಮೇಲೆ ತಲೆ ಎತ್ತಿ ಹೇಳಿದೆ, "ಜನವರಿಯೊಳಗ ನಾ ಇದನ್ನ ಅರ್ಧಾ ಓದಿದೆ. ಗೊತ್ತಿದ್ದ ಅರ್ಧಾ ಓದಿದೆ. ಗುಳಗಿ ಬಿಡ್ರಿ ಅಂತ ದೇವರು ಎಲ್ಲೂ ಹೇಳಿಲ್ಲ. ಬಿಟ್ಟವರು ಇವತ್ತ ದವಾಖಾನಿಗೆ ಹೋಗ್ರಿ." ಇನ್ನೂ ಹೇಳುವುದಿತ್ತು. ಅಯ್ಯನವರು ಎದ್ದು ಕೀರ್ತನೆಯ ಸಂಖ್ಯೆ ಕೂಗಿದರು, ಹಾರ್ಮೋನಿಯಂ ಸುರುವಾಯಿತು. ಅರ್ಧ ಜನ ಹಾಡಿದರು, ಅರ್ಧ ಜನ ನನ್ನನ್ನು ನೋಡಿದರು. ಟೀಚರಿಗೆ ಸೊಕ್ಕು ಬಂದಿದೆ ಅನ್ನುವ ಮಾತು ಅಂದಿನಿಂದ ಸುರುವಾಗಿ ಇಂದಿಗೂ ಇದೆ. ಆದರೆ ಮಧ್ಯಾಹ್ನ ಇಬ್ಬರು ಕಳ್ಳರ ಹಾಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಸಕ್ಕರಿ ಗುಳಗೀನೂ ನಡೀತೈತೇನ್ರಿ?" ಅಂತ ಕೇಳಿಕೊಂಡು ಹೋದರು.

ಸಣ್ಣವ್ವ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. "ಅವತ್ತ ಯಾಕ ಓದ್ಲಿಲ್ಲ?" ಅಂತ ಕೇಳಿದಳು.

"ಮಂದಿ ಮುಂದ ತಪ್ಪಿದಂಗ ಕಾಣ್ತೈತಿ ಅಂತ ಓದ್ಲಿಲ್ಲ."

ಸೆರಗು ಸಾವರಿಸಿಕೊಂಡು, "ನಡಿ, ದವಾಖಾನಿಗೆ ಹೋಗೂಣು" ಅಂದಳು.

ಸೋಮವಾರ ದವಾಖಾನೆ ತೆರೆದ ಕೂಡಲೇ ಹೋದೆವು. ಮತ್ತೆ ಕಫ, ಮತ್ತೆ ಹೊಸ ಕಾರ್ಡು, ಈ ಸಲ ಗುಳಿಗೆಯ ಜೊತೆ ದಿನ ಬಿಟ್ಟು ದಿನ ಸೂಜಿ. ಸಿಸ್ಟರ್ ನಮ್ಮನ್ನು ನೋಡಿ ಬೈಯಲಿಲ್ಲ, ಹಳೆಯ ಕಾರ್ಡು ಎಲ್ಲಿ ಅಂತ ಮಾತ್ರ ಕೇಳಿದರು. ಜೂನ್, ಜುಲೈ ಕಳೆದವು. ಸಣ್ಣವ್ವ ನಮ್ಮ ಮನೆಯಲ್ಲೇ ಇದ್ದಳು. ಅಪ್ಪ ಅವಳಿಗೆ ಗಂಜಿ ಕಾಸುತ್ತಿದ್ದ. ಸೂಜಿ ಚುಚ್ಚಿ ಚುಚ್ಚಿ ಸೊಂಟ ಗಂಟುಗಟ್ಟಿತು, ಜಡ್ಡು ಜಗ್ಗಲಿಲ್ಲ. ಡಾಕ್ಟರು ಹುಬ್ಬಳ್ಳಿಗೆ ಬರೆದುಕೊಟ್ಟರು. ಹುಬ್ಬಳ್ಳಿಯವರು, ತಡವಾಗಿದೆ, ಎರಡೂ ಕಡೆ ಎದೆ ತಿಂದುಬಿಟ್ಟಿದೆ ಅಂದರು. ಸೆಪ್ಟೆಂಬರಿನಲ್ಲಿ ಅವಳು ಹೋದಳು.

ಹೋಗುವುದಕ್ಕೆ ನಾಲ್ಕು ದಿನ ಮೊದಲು, ಮಧ್ಯಾಹ್ನ, ನನ್ನ ಕೈ ಹಿಡಿದುಕೊಂಡು ಕೇಳಿದಳು, "ಪ್ರೇಮಾ, ಹೊಳ್ಳಿ ಜಡ್ಡ ಯಾಕ ಬಂತು? ನನ್ನ ನಂಬಿಕಿ ಕಡಿಮಿ ಬಿತ್ತೇನು?"

ಅದನ್ನೂ ಅದೇ ವೇದಿಕೆಯಿಂದ ಹೇಳಿದ್ದೆವು. ಗುಣವಾಗದಿದ್ದರೆ ನಿಮ್ಮ ನಂಬಿಕೆಯಲ್ಲೇ ತೂತಿದೆ ಅಂತ. ಅದೂ ನನ್ನ ದನಿಯಲ್ಲೇ ಅವಳೊಳಗೆ ಹೋಗಿ ಕೂತಿತ್ತು. "ಇಲ್ಲ ಸಣ್ಣವ್ವ. ನಿನ್ನ ನಂಬಿಕಿಗೆ ಏನೂ ಆಗಿಲ್ಲ. ತಪ್ಪ ನಂದು. ಗುಳಗಿ ನಡಕ್ ಬಿಟ್ಟಿದ್ದಕ್ಕ ಬಂದೈತಿ, ಅಷ್ಟ" ಅಂದೆ. ಅಳುತ್ತ ಹೇಳಿದೆ, ಸಿಟ್ಟಿನಿಂದ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಅವಳು ಹೂಂ ಅಂದಳು. ನಾನು ಅವಳನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ ಅಂದುಕೊಂಡಳು. ಅಯ್ಯನವರನ್ನು ಕರೆಸು ಅಂದಳು.

ಅಯ್ಯನವರು ಬಂದರು, ಹಿಂದೆ ಸಭೆಯ ಹಿರಿಯರು ನಾಲ್ಕು ಮಂದಿ. ಬಾಗಿಲಲ್ಲೇ ತಡೆದು ನಾನು ಕೈಮುಗಿದೆ. ಅವರಿಗೆ ನಾನು ಎಂದೂ ಹಾಗೆ ಕೈಮುಗಿದಿರಲಿಲ್ಲ. "ನಿನ್ನ ನಂಬಿಕಿ ಪೂರ್ತಿ ಐತಿ ಅಂತ ಒಂದ ಮಾತ ಹೇಳ್ರಿ. ನೀವು ಹೇಳಿದ್ರ ಕೇಳ್ತಾಳ" ಅಂದೆ. ಅವರು ಆಗಲಿ ಅಂತ ತಲೆ ಆಡಿಸಿದರು. ಒಳಗೆ ಹೋಗಿ ಮಂಚದ ಪಕ್ಕ ಕುಳಿತರು. ಸಣ್ಣವ್ವ ಅವರ ಕೈಯನ್ನು ಕಣ್ಣಿಗೊತ್ತಿಕೊಂಡು, "ನಾ ನಂಬಾಕ ತಪ್ಪಿದೆನ್ರಿ ಅಯ್ಯನವರ, ಕ್ಷಮಾ ಕೇಳ್ರಿ ದೇವರ ಹಂತೇಕ" ಅಂದಳು.

ಅವರು ನನ್ನ ಕಡೆ ಒಮ್ಮೆ ನೋಡಿದರು. ಹಿರಿಯರ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಸುರು ಮಾಡಿದರು. ಕರ್ತನೇ, ಈ ನಿನ್ನ ಮಗಳ ಅಲ್ಪವಿಶ್ವಾಸವನ್ನು ಮನ್ನಿಸು.

ಎಲ್ಲರೂ ಆಮೆನ್ ಅಂದರು. ಸಣ್ಣವ್ವನೂ ಅಂದಳು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಅಂದಳು. ಅಪ್ಪ ಅನ್ನಲಿಲ್ಲ. ನಾನು ಅನ್ನಲಿಲ್ಲ.